ಸಂಬಳದಲ್ಲಿ ತೆರಿಗೆ ಜಾಸ್ತಿ ಹೋಗುತ್ತಿದೆಯಾ? ಬ್ರಿಟನ್ನಿನ ಟ್ಯಾಕ್ಸ್ ಕೋಡ್ ಎಲ್ಲಿ ತಪ್ಪಿದೆ ಎಂದು ಹುಡುಕುವ ಬಗೆ

ನವೆಂಬರ್‌ನಲ್ಲಿ ರಾಜ್ಯೋತ್ಸವದ ಊಟ ಮುಗಿಸಿ ಕೈ ತೊಳೆಯಲು ನಿಂತಿದ್ದೆ. ಉಡುಪಿ ಕಡೆಯ ಒಬ್ಬ ನರ್ಸ್ ಹುಡುಗಿ ಫೋನ್ ಹಿಡಿದುಕೊಂಡು ಬಂದಳು. "ಅಣ್ಣಾ, ಇದೊಂದು ನೋಡಿ ಹೇಳ್ತೀರಾ? ನಮ್ಮ ವಾರ್ಡಿನಲ್ಲಿ ಇನ್ನೊಬ್ಬಳಿಗೂ ನನಗೂ ಒಂದೇ ಸಂಬಳ. ಅವಳ ಕೈಗೆ ಇನ್ನೂರು ಪೌಂಡ್ ಜಾಸ್ತಿ ಬರುತ್ತದೆ." ಪೇಸ್ಲಿಪ್ ನೋಡಿದೆ. ತೆರಿಗೆಗೆ ಒಳಪಡುವ ಸಂಬಳ 2,300 ಪೌಂಡ್, ತೆರಿಗೆ 460. ಸರಿಯಾಗಿ ಐದರಲ್ಲಿ ಒಂದು ಭಾಗ. ಮೇಲೆ ಮೂಲೆಯಲ್ಲಿ ಟ್ಯಾಕ್ಸ್ ಕೋಡ್ ಅಂತ ಇದ್ದ ಕಡೆ ಎರಡೇ ಅಕ್ಷರ: ಬಿಆರ್.

ಆಗಸ್ಟ್‌ನಿಂದ ಹೀಗೇ ಹೋಗುತ್ತಿತ್ತು. ನಾಲ್ಕು ತಿಂಗಳು. "ಇಲ್ಲಿ ತೆರಿಗೆ ಜಾಸ್ತಿ ಅಂತ ಎಲ್ಲರೂ ಹೇಳಿದ್ದರು, ಹಾಗಾಗಿ ಸುಮ್ನೆ ಇದ್ದೆ" ಎಂದಳು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ, ಯಾಕೆಂದರೆ ಊರಿಂದ ಬಂದ ಮೊದಲ ವರ್ಷದಲ್ಲೇ, ಬಾಡಿಗೆ ಮನೆಗೆ ಡಿಪಾಸಿಟ್ ಕಟ್ಟಿ, ಚಳಿಗೆ ಬಟ್ಟೆ ಕೊಂಡು, ಊರಿಗೆ ಸಾಲದ ಕಂತು ಕಳಿಸುವ ಹೊತ್ತಿನಲ್ಲೇ ಈ ದುಡ್ಡು ಸದ್ದಿಲ್ಲದೆ ಹೋಗುತ್ತಿರುತ್ತದೆ. ಅದಕ್ಕೇ ಇದನ್ನು ಕೂತು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಟ್ಯಾಕ್ಸ್ ಕೋಡ್ ಎಂದರೆ ನಿಮ್ಮ ಬಗ್ಗೆ ಎಚ್‌ಎಂಆರ್‌ಸಿ, ಅಂದರೆ ಇಲ್ಲಿನ ತೆರಿಗೆ ಇಲಾಖೆ, ಮಾಡಿಕೊಂಡ ಒಂದು ಅಂದಾಜು. ನಿಮಗೆ ಎಷ್ಟು ಕೆಲಸ ಇದೆ, ವರ್ಷಕ್ಕೆ ಎಷ್ಟು ಬರಬಹುದು, ಕಂಪನಿ ಬೇರೆ ಏನಾದರೂ ಸೌಲಭ್ಯ ಕೊಡುತ್ತಿದೆಯಾ, ಹಳೆಯ ಬಾಕಿ ಇದೆಯಾ, ಇಷ್ಟನ್ನು ಊಹಿಸಿ ಒಂದು ಕೋಡ್ ಮಾಡಿ ಕಂಪನಿಗೆ ಕಳಿಸುತ್ತಾರೆ. ಕಂಪನಿ ಅದರಂತೆ ಸಂಬಳದಲ್ಲಿ ಕಡಿತ ಮಾಡುತ್ತದೆ. ಆದ್ದರಿಂದ ತಪ್ಪು ಹುಡುಕುವಾಗ ಪೇಸ್ಲಿಪ್ ಜತೆ ಜಗಳವಾಡಿ ಪ್ರಯೋಜನವಿಲ್ಲ. ಆ ಅಂದಾಜಿನಲ್ಲಿ ಯಾವ ಮಾತು ತಪ್ಪಾಗಿದೆ ಎಂದು ಹುಡುಕಬೇಕು.

## ಎಲ್ಲಕ್ಕೂ ಮೊದಲು: ಪೇಸ್ಲಿಪ್ ಮತ್ತು ಕ್ಯಾಲ್ಕುಲೇಟರ್

ಖರ್ಚಿಲ್ಲದ ಪರೀಕ್ಷೆ ಇದು, ಐದು ನಿಮಿಷ ಸಾಕು. ಪೇಸ್ಲಿಪ್‌ನಲ್ಲಿ ಮೂರು ಅಂಶ ನೋಡಿ: ಟ್ಯಾಕ್ಸ್ ಕೋಡ್, ತೆರಿಗೆಗೆ ಒಳಪಡುವ ಸಂಬಳ, ಈ ತಿಂಗಳ ತೆರಿಗೆ.

ಒಂದೇ ಕೆಲಸ ಇರುವ ಬಹುಪಾಲು ಜನರ ಕೋಡ್ 1257ಎಲ್. ಇದರ ಅರ್ಥ ವರ್ಷಕ್ಕೆ 12,570 ಪೌಂಡ್‌ವರೆಗೆ ತೆರಿಗೆ ಇಲ್ಲ. ಇದನ್ನು ಪರ್ಸನಲ್ ಅಲೊವೆನ್ಸ್ ಅನ್ನುತ್ತಾರೆ. 2021ರ ಏಪ್ರಿಲ್‌ನಿಂದ ಈ ಮೊತ್ತ ಬದಲಾಗಿಲ್ಲ. ಕೋಡಿನ ಅಂಕಿಗೆ ಒಂದು ಸೊನ್ನೆ ಸೇರಿಸಿದರೆ ನಿಮಗೆ ತೆರಿಗೆ ಇಲ್ಲದೆ ಸಿಗುವ ಮೊತ್ತ ಬರುತ್ತದೆ, ಅಷ್ಟೇ ಗುಟ್ಟು. ತಿಂಗಳಿಗೆ ಲೆಕ್ಕ ಹಾಕಿದರೆ ಸುಮಾರು 1,048 ಪೌಂಡ್.

ಈಗ ನಿಮ್ಮ ಸಂಬಳ ಹಾಕಿ ನೋಡಿ. ತೆರಿಗೆಗೆ ಒಳಪಡುವ ಸಂಬಳ 2,500 ಇದ್ದರೆ 1,048 ಕಳೆಯಿರಿ, ಉಳಿದ 1,452ಕ್ಕೆ ಶೇ. 20. ಅಂದರೆ 290 ಪೌಂಡ್. ನಿಮ್ಮ ಪೇಸ್ಲಿಪ್‌ನಲ್ಲೂ ಇದರ ಆಸುಪಾಸು ಇದ್ದರೆ ಕೋಡ್ ಸರಿಯಾಗಿಯೇ ಕೆಲಸ ಮಾಡುತ್ತಿದೆ. 500 ಹೋಗಿದ್ದರೆ ಪರ್ಸನಲ್ ಅಲೊವೆನ್ಸ್ ನಿಮಗೆ ಸಿಕ್ಕಿಲ್ಲ. ಏನೂ ಹೋಗಿಲ್ಲ ಎಂದರೂ ಯಾಕೆ ಎಂದು ನೋಡಬೇಕು.

ಇಲ್ಲಿ ಜನ ಎಡವುವ ಜಾಗ ಒಂದಿದೆ. ನ್ಯಾಷನಲ್ ಇನ್ಶೂರೆನ್ಸ್, ಪೆನ್ಶನ್, ಇಲ್ಲಿ ಓದಿದವರ ಸ್ಟೂಡೆಂಟ್ ಲೋನ್, ಇವು ಯಾವುವೂ ಟ್ಯಾಕ್ಸ್ ಕೋಡಿಗೆ ಸೇರಿದ್ದಲ್ಲ. ಅದೇ 2,500ಕ್ಕೆ ನ್ಯಾಷನಲ್ ಇನ್ಶೂರೆನ್ಸ್ (ಎನ್‌ಐ) 116 ಪೌಂಡ್ ಬೇರೆಯಾಗಿಯೇ ಹೋಗುತ್ತದೆ, ಕೋಡ್ ಏನೇ ಇರಲಿ. "ಕಡಿತ ಜಾಸ್ತಿ" ಅಂತ ಎಲ್ಲವನ್ನೂ ಕೂಡಿ ನೋಡಬೇಡಿ, ಇನ್ಕಮ್ ಟ್ಯಾಕ್ಸ್ ಎಂಬ ಒಂದು ಸಾಲನ್ನು ಮಾತ್ರ ನೋಡಿ. ಹಾಗೆಯೇ ಆಸ್ಪತ್ರೆ ನೌಕರರ ಪೆನ್ಶನ್ ತೆರಿಗೆಗೆ ಮುಂಚೆಯೇ ಕಡಿತವಾಗುತ್ತದೆ, ಆದ್ದರಿಂದ ಒಟ್ಟು ಸಂಬಳಕ್ಕೆ ಲೆಕ್ಕ ಹಾಕಿದರೆ ತಾಳೆಯಾಗುವುದಿಲ್ಲ. ತೆರಿಗೆಗೆ ಒಳಪಡುವ ಸಂಬಳದ ಅಂಕಿಯನ್ನೇ ಹಿಡಿಯಬೇಕು.

## ಲಕ್ಷಣ: ಮೊದಲ ಸಂಬಳದಲ್ಲೇ ತೆರಿಗೆ ಸಿಕ್ಕಾಪಟ್ಟೆ ಹೋಗಿದೆ

ನಮ್ಮವರಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವುದು ಇದೇ. ಕೋಡಿನಲ್ಲಿ ಬಿಆರ್, 0ಟಿ, ಇಲ್ಲವೇ ಕೊನೆಯಲ್ಲಿ ಎಂ1, ಡಬ್ಲ್ಯು1 ಅಥವಾ ಎಕ್ಸ್ ಇರುತ್ತದೆ.

ಬಿಆರ್ ಎಂದರೆ ಮೊದಲ ಪೌಂಡಿನಿಂದಲೇ ಶೇ. 20. 0ಟಿ ಎಂದರೆ ಅಲೊವೆನ್ಸ್ ಇಲ್ಲ, ಆದರೆ ಸಂಬಳ ಜಾಸ್ತಿ ಇದ್ದರೆ ಮೇಲಿನ ಭಾಗಕ್ಕೆ ಶೇ. 40 ಕೂಡ ಬೀಳುತ್ತದೆ. ಎಂ1, ಡಬ್ಲ್ಯು1, ಎಕ್ಸ್ ಅಂದರೆ "ಈ ತಿಂಗಳನ್ನು, ಈ ವಾರವನ್ನು ಮಾತ್ರ ನೋಡು, ಹಿಂದಿನದ್ದನ್ನು ಕೂಡಬೇಡ". ಈ ಕೊನೆಯದನ್ನು ಚೆನ್ನಾಗಿ ಅರ್ಥ ಮಾಡಿಕೊಳ್ಳಿ, ದುಡ್ಡು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ.

ಇಲ್ಲಿನ ತೆರಿಗೆ ವರ್ಷ ಏಪ್ರಿಲ್ 6ಕ್ಕೆ ಶುರುವಾಗಿ ಮುಂದಿನ ಏಪ್ರಿಲ್ 5ಕ್ಕೆ ಮುಗಿಯುತ್ತದೆ. ಮಾಮೂಲಿ ಕೋಡ್ ಇದ್ದರೆ ಪ್ರತಿ ತಿಂಗಳು 1,048 ಪೌಂಡ್ ನಿಮ್ಮ ಹೆಸರಿನಲ್ಲಿ ಜಮೆಯಾಗುತ್ತಾ ಹೋಗುತ್ತದೆ. ನೀವು ಕೆಲಸಕ್ಕೆ ಸೇರಿದ್ದೇ ಅಕ್ಟೋಬರ್‌ನಲ್ಲಿ ಎಂದರೆ ಹಿಂದಿನ ಆರು ತಿಂಗಳದ್ದೂ ಸೇರಿ ಏಳು ತಿಂಗಳ ಮೊತ್ತ, ಸುಮಾರು 7,337 ಪೌಂಡ್, ಮೊದಲ ಸಂಬಳಕ್ಕೇ ಸಿಗುತ್ತದೆ. ವರ್ಷದ ಮಧ್ಯೆ ಬಂದರೂ ಆ ವರ್ಷ ಇಲ್ಲಿನ ನಿವಾಸಿ ಎಂದು ಲೆಕ್ಕಕ್ಕೆ ಬಂದವರಿಗೆ ಪೂರ್ತಿ ವರ್ಷದ ಅಲೊವೆನ್ಸ್ ಇದೆ.

ನನ್ನದೇ ಉದಾಹರಣೆ ಹೇಳುತ್ತೇನೆ. ನಾನು ಬಂದಿದ್ದು ಅಕ್ಟೋಬರ್‌ನಲ್ಲಿ, ತಿಂಗಳಿಗೆ 3,600. ಸೇರುವ ದಿನ ಸ್ಟಾರ್ಟರ್ ಚೆಕ್‌ಲಿಸ್ಟ್ ಅಂತ ಒಂದು ಫಾರಂ ಕೊಟ್ಟರು. ಅದರಲ್ಲಿ ಎ, ಬಿ, ಸಿ ಎಂಬ ಮೂರು ಹೇಳಿಕೆ ಇರುತ್ತವೆ. ಏಪ್ರಿಲ್ 6ರಿಂದ ಇದೇ ನನ್ನ ಮೊದಲ ಕೆಲಸ ಎಂದರೆ ಎ. ಈಗ ಇದೊಂದೇ, ಆದರೆ ಏಪ್ರಿಲ್‌ನಿಂದ ಈಚೆಗೆ ಇನ್ನೊಂದು ಕೆಲಸ ಇತ್ತು ಎಂದರೆ ಬಿ. ಈಗಲೂ ಇನ್ನೊಂದು ಕೆಲಸ ಅಥವಾ ಪೆನ್ಶನ್ ಇದೆ ಎಂದರೆ ಸಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್‌ವರೆಗೆ ಕೆಲಸ ಮಾಡಿದ್ದೆನಲ್ಲ ಎಂದು ಬಿ ಗುರುತು ಹಾಕಿದೆ. ಕೋಡ್ 1257ಎಲ್ ಎಂ1 ಬಂತು. ಮೊದಲ ತಿಂಗಳು 510 ಪೌಂಡ್ ತೆರಿಗೆ. ಎ ಗುರುತು ಹಾಕಿದ್ದರೆ ಆ ತಿಂಗಳು ಸೊನ್ನೆ. ಏನೂ ಗುರುತು ಹಾಕದೆ ಬಿಟ್ಟಿದ್ದರೆ 0ಟಿ ಎಂ1, ಆಗ 812 ಪೌಂಡ್ ಹೋಗುತ್ತಿತ್ತು. ಒಂದೇ ಸಂಬಳ, ಒಂದೇ ತಿಂಗಳು. ಫಾರಂನಲ್ಲಿ ಹಾಕಿದ ಒಂದು ಗುರುತಿನ ವ್ಯತ್ಯಾಸ ಇಷ್ಟು. ನನಗೆ ಬಂದ ಆ 1257ಎಲ್ ಎಂ1 ಕೋಡನ್ನು ಮಾರ್ಚ್‌ವರೆಗೆ ಹಾಗೇ ಬಿಟ್ಟಿದ್ದರೆ 1,258 ಪೌಂಡ್ ಜಾಸ್ತಿ ಕಟ್ಟಿರುತ್ತಿದ್ದೆ. ನನ್ನ ಅದೃಷ್ಟಕ್ಕೆ ಪಕ್ಕದ ಸೀಟಿನವರು ಪೇಸ್ಲಿಪ್ ನೋಡಿ, "ಫೋನ್ ಮಾಡಿ ಹೇಳಿ, ಆ ಹಿಂದಿನ ಕೆಲಸ ಭಾರತದ್ದು, ಇಲ್ಲಿ ಸಂಬಳ ಪಡೆದಿಲ್ಲ ಅಂತ" ಎಂದರು. ಮಾಡಿದೆ. ಕೋಡಿನಿಂದ ಎಂ1 ಹೋಯಿತು, ಹೋದ ದುಡ್ಡು ಮುಂದಿನ ಸಂಬಳದಲ್ಲಿ ವಾಪಸ್ ಬಂತು.

ಹಾಗಾದರೆ ಪರೀಕ್ಷೆ ಯಾವ ಕ್ರಮದಲ್ಲಿ ಮಾಡಬೇಕು?

ಇಲ್ಲೇ ಬೇರೆ ಕಡೆ ಕೆಲಸ ಬಿಟ್ಟು ಬಂದವರಾದರೆ ಪಿ45 ಕೊಟ್ಟಿದ್ದೀರಾ ನೋಡಿ. ಹಳೆಯ ಕಂಪನಿ ಕೊಡುವ ಕಾಗದ ಅದು. ಅದರ 2 ಮತ್ತು 3ನೇ ಭಾಗ ಹೊಸ ಕಂಪನಿಗೆ, 1ಎ ಭಾಗ ನಿಮಗೆ. ಎಷ್ಟೋ ಸಲ ಅದು ಹಳೆಯ ಕಚೇರಿಯ ಇಮೇಲ್‌ಗೆ ಹೋಗಿ, ಆ ಇಮೇಲ್ ಮುಚ್ಚಿಹೋಗಿರುತ್ತದೆ. ಕೇಳಿ ತರಿಸಿಕೊಳ್ಳಿ.

ಊರಿಂದ ನೇರ ಬಂದವರಾದರೆ ಚೆಕ್‌ಲಿಸ್ಟ್‌ನಲ್ಲಿ ಏನು ಗುರುತು ಹಾಕಿದ್ದೀರಿ ಎಂದು ಪೇರೋಲ್‌ನವರನ್ನು ಕೇಳಿ. ತಿಂಗಳ ಸಂಬಳ ಲೆಕ್ಕ ಮುಗಿಯುವ ಮುಂಚೆ ಸಿಕ್ಕರೆ ಅವರೇ ಸರಿಪಡಿಸಬಹುದು.

ಆಮೇಲೂ ಸರಿಯಾಗದಿದ್ದರೆ ಎಚ್‌ಎಂಆರ್‌ಸಿ ಆಪ್ ಅಥವಾ ವೆಬ್‌ಸೈಟಿನ ಪರ್ಸನಲ್ ಟ್ಯಾಕ್ಸ್ ಅಕೌಂಟ್ ತೆಗೆಯಿರಿ. ಹೊಸ ಕೆಲಸದ ವಿವರ ಅವರಿಗೆ ಮುಟ್ಟಿ ಕೋಡ್ ಬದಲಾಗಲು ಸಾಮಾನ್ಯವಾಗಿ 35 ದಿನದವರೆಗೆ ಆಗಬಹುದು. ಎರಡನೇ ಸಂಬಳದಲ್ಲೂ ಅದೇ ಕೋಡ್ ಇದ್ದರೆ ಇನ್ನು ಕಾಯಬೇಡಿ.

ಕೊನೆಯಲ್ಲಿ ಎಂ1, ಡಬ್ಲ್ಯು1, ಎಕ್ಸ್ ಇರುವ ಕೋಡಿಗೆ ಎಮರ್ಜೆನ್ಸಿ ಕೋಡ್ ಅನ್ನುತ್ತಾರೆ, ಆ ಹೆಸರು ಕೇಳಿ ಹೆದರುವವರು ಇದ್ದಾರೆ. ವೀಸಾಗೆ ಏನಾದರೂ ಆಗುತ್ತದಾ ಎಂದು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದವರೂ ಇದ್ದಾರೆ. ಅದು ತಪ್ಪಿತಸ್ಥರಿಗೆ ಹಾಕುವ ಕೋಡ್ ಅಲ್ಲ. ವಿವರ ಇನ್ನೂ ಸಿಕ್ಕಿಲ್ಲ ಎಂದಷ್ಟೇ ಅರ್ಥ.

## ಲಕ್ಷಣ: ಎರಡು ಕೆಲಸ ಇದೆ, ಒಂದರಲ್ಲಿ ಪೂರ್ತಿ ಶೇ. 20 ಹೋಗುತ್ತಿದೆ

ಇದು ಬಹಳ ಸಲ ದೋಷವೇ ಅಲ್ಲ. ಅಲೊವೆನ್ಸ್ ಒಂದೇ, ಅದನ್ನು ಮುಖ್ಯ ಕೆಲಸಕ್ಕೆ ಕೊಟ್ಟಿರುತ್ತಾರೆ. ಎರಡನೆಯದಕ್ಕೆ ಬಿಆರ್ ಬರುವುದು ಸರಿ. ಮುಖ್ಯ ಸಂಬಳ ದೊಡ್ಡದಿದ್ದರೆ ಎರಡನೆಯದಕ್ಕೆ ಡಿ0, ಅಂದರೆ ಶೇ. 40 ಬರಬಹುದು.

ದೋಷ ಯಾವಾಗ? ಒಂದು, ದೊಡ್ಡ ಸಂಬಳದ ಕೆಲಸಕ್ಕೆ ಬಿಆರ್ ಬಂದು, ವಾರಕ್ಕೆ ಎಂಟು ಗಂಟೆಯ ಅಂಗಡಿ ಕೆಲಸಕ್ಕೆ 1257ಎಲ್ ಇದ್ದಾಗ. ಎರಡು, ಬಿಟ್ಟ ಕೆಲಸ ಇಲಾಖೆಯ ದಾಖಲೆಯಲ್ಲಿ ಇನ್ನೂ ನಡೆಯುತ್ತಿದೆ ಎಂದಿದ್ದಾಗ. ಟ್ಯಾಕ್ಸ್ ಅಕೌಂಟ್‌ನಲ್ಲಿ ನಿಮ್ಮ ಕೆಲಸಗಳ ಪಟ್ಟಿ ಇರುತ್ತದೆ. ಅದರಲ್ಲಿ ಸತ್ತುಹೋದ ಕೆಲಸ ಕಂಡರೆ "ಇದು ಮುಗಿದಿದೆ" ಎಂದು ಅಲ್ಲೇ ತಿಳಿಸಬಹುದು. ಏಜೆನ್ಸಿ ಶಿಫ್ಟ್ ಮಾಡಿ ಬಿಟ್ಟವರಿಗೆ ಇದು ಪದೇ ಪದೇ ಆಗುತ್ತದೆ.

ಓದುತ್ತಾ ಎರಡು ಕಡೆ ಸ್ವಲ್ಪ ಸ್ವಲ್ಪ ದುಡಿಯುವ ಹುಡುಗರು ಗಮನಿಸಿ. ಎರಡೂ ಸೇರಿ ವರ್ಷಕ್ಕೆ 12,570 ದಾಟದಿದ್ದರೂ ಎರಡನೆಯದರಲ್ಲಿ ತೆರಿಗೆ ಹೋಗುತ್ತಿರುತ್ತದೆ. ಅಲೊವೆನ್ಸನ್ನು ಎರಡಕ್ಕೂ ಹಂಚಿ ಎಂದು ಇಲಾಖೆಯನ್ನು ಕೇಳಬಹುದು, ಹಂಚುತ್ತಾರೆ.

## ಲಕ್ಷಣ: ಎರಡು ಕೆಲಸ, ಎರಡರಲ್ಲೂ ತೆರಿಗೆ ಕಡಿಮೆ

ಖುಷಿ ಪಡಬೇಡಿ. ಎರಡೂ ಕಡೆ 1257ಎಲ್ ಇದ್ದರೆ ಒಂದೇ ಅಲೊವೆನ್ಸ್ ಎರಡು ಸಲ ತಿಂದ ಹಾಗೆ. ಎರಡನೇ ಕೆಲಸದಲ್ಲಿ ತಿಂಗಳಿಗೆ 500 ಬರುತ್ತಿದ್ದರೆ ತಿಂಗಳಿಗೆ 100 ಪೌಂಡ್ ಬಾಕಿ ಬೆಳೆಯುತ್ತದೆ, ವರ್ಷಕ್ಕೆ 1,200. ಅದು ಮನ್ನಾ ಆಗುವುದಿಲ್ಲ. ತೆರಿಗೆ ವರ್ಷ ಮುಗಿದ ಮೇಲೆ ಪಿ800 ಎಂಬ ಕಾಗದ ಬರುತ್ತದೆ, ಇಷ್ಟು ಕೊಡಬೇಕು ಎಂದು. ಚೆಕ್‌ಲಿಸ್ಟ್‌ನಲ್ಲಿ ಎರಡೂ ಕಡೆ ಎ ಹಾಕಿದರೆ ಹೀಗಾಗುತ್ತದೆ. ಜಾಸ್ತಿ ಹೋದ ದುಡ್ಡಿಗಿಂತ ಇದನ್ನು ಬೇಗ ಸರಿಪಡಿಸಿ. ಹೋದ ದುಡ್ಡು ಕಾಯುತ್ತದೆ, ಸಾಲ ಬೆಳೆಯುತ್ತದೆ.

## ಲಕ್ಷಣ: ಅಂಕಿ 1257ಕ್ಕಿಂತ ಕಡಿಮೆ ಇದೆ

1197ಎಲ್, 1057ಎಲ್, ಇಂಥವು. ಯಾರೋ ನಿಮ್ಮ ಅಲೊವೆನ್ಸಿನಿಂದ ಏನನ್ನೋ ಕಳೆದಿದ್ದಾರೆ. ಏನನ್ನು ಎಂದು ಪಿ2 ಎಂಬ ಕೋಡಿಂಗ್ ನೋಟಿಸಿನಲ್ಲಿ ಸಾಲು ಸಾಲಾಗಿ ಬರೆದಿರುತ್ತಾರೆ. ಟ್ಯಾಕ್ಸ್ ಅಕೌಂಟ್‌ನಲ್ಲೂ ಅದು ಸಿಗುತ್ತದೆ. ಆ ಪಟ್ಟಿಯನ್ನು ದಿನಸಿ ಅಂಗಡಿಯ ಚೀಟಿ ಓದಿದ ಹಾಗೆ ಒಂದೊಂದಾಗಿ ಓದಿ: ಇದು ನಾನು ತಗೊಂಡಿದ್ದೀನಾ?

ಕಂಪನಿ ನಿಮಗೆ ಖಾಸಗಿ ಆರೋಗ್ಯ ವಿಮೆ ಕೊಟ್ಟಿದೆ, ಅದರ ಬೆಲೆ ವರ್ಷಕ್ಕೆ 600 ಪೌಂಡ್ ಎಂದುಕೊಳ್ಳಿ. 12,570ರಿಂದ 600 ಕಳೆದರೆ 11,970, ಕೋಡ್ 1197ಎಲ್. ಇದು ಸರಿ. ಆದರೆ ಆ ಕಂಪನಿ ಬಿಟ್ಟು ವರ್ಷವಾಗಿದ್ದರೂ ವಿಮೆ ಪಟ್ಟಿಯಲ್ಲೇ ಕೂತಿದ್ದರೆ ಅದು ತಪ್ಪು, ತೆಗೆಸಬೇಕು. ಕಂಪನಿ ಕಾರು ವಾಪಸ್ ಕೊಟ್ಟವರಿಗೆ ಇದು ಇನ್ನೂ ದೊಡ್ಡ ಮೊತ್ತ, ಬೇಗ ನೋಡಿ.

1057ಎಲ್ ಥರದ್ದು ಕಂಡರೆ ಹಳೆಯ ಬಾಕಿ ಇರಬಹುದು. 400 ಪೌಂಡ್ ಬಾಕಿಯನ್ನು ಶೇ. 20ರಂತೆ ಒಂದು ವರ್ಷದಲ್ಲಿ ವಸೂಲಿ ಮಾಡಲು ಅಲೊವೆನ್ಸಿನಲ್ಲಿ 2,000 ಇಳಿಸುತ್ತಾರೆ. 2,000 ನೋಡಿ "ನಾನು ಎರಡು ಸಾವಿರ ಕೊಡಬೇಕಾ?" ಎಂದು ಗಾಬರಿಯಾಗುವವರು ಬಹಳ. ಅಲ್ಲ, ಕೊಡಬೇಕಾದದ್ದು 400. ಬಾಕಿ 3,000 ಪೌಂಡಿಗಿಂತ ಕಡಿಮೆ ಇದ್ದಾಗ ಹೀಗೆ ಸಂಬಳದಲ್ಲೇ ಕಂತಿನಲ್ಲಿ ಹಿಡಿದುಕೊಳ್ಳುವುದು ಅವರ ರೂಢಿ. ಆ 400 ಸರಿಯೇ ಎಂಬುದನ್ನು ಮಾತ್ರ ಪರಿಶೀಲಿಸಿ.

ಬ್ಯಾಂಕ್ ಬಡ್ಡಿಯ ಅಂದಾಜೂ ಇಲ್ಲಿ ನುಸುಳುತ್ತದೆ. ಮನೆ ಕೊಳ್ಳಲು ದುಡ್ಡು ಕೂಡಿಟ್ಟಿದ್ದಿರಿ, ಹೋದ ವರ್ಷ ಚೆನ್ನಾಗಿ ಬಡ್ಡಿ ಬಂತು, ಈಗ ಆ ದುಡ್ಡೆಲ್ಲ ಮನೆಗೆ ಹೋಯಿತು. ಅವರ ಅಂದಾಜಿನಲ್ಲಿ ಹಳೆಯ ಬಡ್ಡಿಯೇ ಇರುತ್ತದೆ. ತಿಳಿಸಿ, ಇಳಿಸುತ್ತಾರೆ.

ಕೋಡ್ ಕೆ ಅಕ್ಷರದಿಂದ ಶುರುವಾದರೆ ಕಳೆಯುವ ಮೊತ್ತ ಅಲೊವೆನ್ಸನ್ನೇ ಮೀರಿದೆ ಎಂದರ್ಥ. ಕೆ100 ಇದ್ದರೆ ಸಂಬಳಕ್ಕೆ ಸುಮಾರು 1,000 ಪೌಂಡ್ ಸೇರಿಸಿ ತೆರಿಗೆ ಲೆಕ್ಕ ಹಾಕುತ್ತಾರೆ. ಎಷ್ಟೇ ಆದರೂ ಒಂದು ಸಂಬಳದ ಅರ್ಧಕ್ಕಿಂತ ಜಾಸ್ತಿ ತೆರಿಗೆಯಾಗಿ ಹಿಡಿಯುವಂತಿಲ್ಲ. ಕಾರೂ ಇಲ್ಲ, ಬಾಕಿಯೂ ಇಲ್ಲ, ಆದರೂ ಕೆ ಬಂದಿದೆ ಎಂದರೆ ಅದೇ ದಿನ ಫೋನ್ ಮಾಡಿ.

## ಲಕ್ಷಣ: ಅಂಕಿ 1257ಕ್ಕಿಂತ ಜಾಸ್ತಿ, ಅಥವಾ ಕೊನೆಯಲ್ಲಿ ಎಂ, ಎನ್

ನರ್ಸ್‌ಗಳಿಗೆ ಸಮವಸ್ತ್ರ ಒಗೆಯುವ ಖರ್ಚಿಗೆ ವರ್ಷಕ್ಕೆ 125 ಪೌಂಡ್, ಎನ್‌ಎಂಸಿ (ಇಲ್ಲಿನ ನರ್ಸ್‌ಗಳ ನೋಂದಣಿ ಮಂಡಳಿ) ನೋಂದಣಿ ಶುಲ್ಕ 120 ಪೌಂಡ್, ಎರಡಕ್ಕೂ ತೆರಿಗೆ ವಿನಾಯಿತಿ ಕೇಳಬಹುದು. ಸಿಕ್ಕಾಗ ಕೋಡ್ 1281ಎಲ್ ಆಗುತ್ತದೆ. ಕೇಳದೆ ಬಿಟ್ಟವರೇ ಜಾಸ್ತಿ. ಆಸ್ಪತ್ರೆ ಸಮವಸ್ತ್ರ ಒಗೆದು ಕೊಡುತ್ತಿದ್ದರೆ, ಇಲ್ಲವೇ ಶುಲ್ಕವನ್ನು ಕೆಲಸ ಕೊಟ್ಟವರೇ ಕಟ್ಟಿದ್ದರೆ ಮಾತ್ರ ಕೇಳಬೇಡಿ.

1383ಎಂ ಎಂದರೆ ಮ್ಯಾರೇಜ್ ಅಲೊವೆನ್ಸ್. ಗಂಡ ಹೆಂಡತಿಯಲ್ಲಿ ಒಬ್ಬರ ಆದಾಯ 12,570ಕ್ಕಿಂತ ಕಡಿಮೆ ಇದ್ದು, ಇನ್ನೊಬ್ಬರು ಶೇ. 20ರ ಮಟ್ಟದಲ್ಲಿದ್ದರೆ ಮೊದಲನೆಯವರು 1,260 ಪೌಂಡಿನ ಅಲೊವೆನ್ಸ್ ಬಿಟ್ಟುಕೊಡಬಹುದು. ವರ್ಷಕ್ಕೆ 252 ಪೌಂಡ್‌ವರೆಗೆ ಉಳಿತಾಯ. ಬಿಟ್ಟುಕೊಟ್ಟವರ ಕೋಡ್ 1131ಎನ್. ಡಿಪೆಂಡೆಂಟ್ ವೀಸಾದಲ್ಲಿ ಬಂದ ಸಂಗಾತಿಗೆ ಆಮೇಲೆ ಒಳ್ಳೆಯ ಕೆಲಸ ಸಿಕ್ಕರೆ ಇದನ್ನು ರದ್ದು ಮಾಡಲು ಮರೆಯುತ್ತಾರೆ. ಆಗ ಬಾಕಿ ಬೀಳುತ್ತದೆ.

## ಲಕ್ಷಣ: ಕೋಡಿನ ಮುಂದೆ ಎಸ್ ಅಥವಾ ಸಿ

ಎಸ್ ಅಂದರೆ ಸ್ಕಾಟ್ಲೆಂಡ್, ಸಿ ಅಂದರೆ ವೇಲ್ಸ್. ಇದು ನಿಮ್ಮ ಮನೆ ಎಲ್ಲಿದೆ ಎಂಬುದರ ಮೇಲೆ, ಆಫೀಸ್ ಎಲ್ಲಿದೆ ಎಂಬುದರ ಮೇಲಲ್ಲ. ಸ್ಕಾಟ್ಲೆಂಡಿನ ದರಗಳು ಬೇರೆ, ಮೇಲಿನ ಸಂಬಳಕ್ಕೆ ಶೇ. 42, 45, 48ರವರೆಗೆ ಹೋಗುತ್ತವೆ. ಗ್ಲಾಸ್ಗೋದಿಂದ ಮ್ಯಾಂಚೆಸ್ಟರಿಗೆ ಮನೆ ಬದಲಿಸಿದವರು ಇಲಾಖೆಗೆ ವಿಳಾಸ ತಿಳಿಸದಿದ್ದರೆ ಎಸ್ ಹಾಗೇ ಉಳಿಯುತ್ತದೆ. ಕಂಪನಿಗೆ ವಿಳಾಸ ಕೊಟ್ಟರೆ ಸಾಲದು, ಎಚ್‌ಎಂಆರ್‌ಸಿಗೂ ಬೇರೆಯಾಗಿ ತಿಳಿಸಬೇಕು. ಆಪ್‌ನಲ್ಲಿ ಎರಡು ನಿಮಿಷದ ಕೆಲಸ.

## ಲಕ್ಷಣ: ಬೋನಸ್ ಬಂದ ತಿಂಗಳು ಅರ್ಧ ಹೋಯಿತು

ಕೋಡ್ ಬದಲಾಗಿಲ್ಲದಿದ್ದರೆ ಒಂದೆರಡು ತಿಂಗಳು ಕಾಯಿರಿ. ಆ ತಿಂಗಳ ಲೆಕ್ಕದಲ್ಲಿ ನೀವು ಶೇ. 40ರ ಮಟ್ಟ ಮುಟ್ಟಿರಬಹುದು, ವರ್ಷದ ಲೆಕ್ಕದಲ್ಲಿ ಶೇ. 40 ಶುರುವಾಗುವ 50,270 ಪೌಂಡ್ ದಾಟದಿದ್ದರೆ ಮುಂದಿನ ತಿಂಗಳುಗಳಲ್ಲಿ ತಾನೇ ಸರಿಹೋಗುತ್ತದೆ. ಬೋನಸ್ ನೋಡಿ ಇಲಾಖೆಯವರು ನಿಮ್ಮ ವರ್ಷದ ಆದಾಯ ಒಂದು ಲಕ್ಷ ಪೌಂಡ್ ದಾಟುತ್ತದೆ ಎಂದು ಊಹಿಸಿ ಅಲೊವೆನ್ಸ್ ಇಳಿಸಿದ್ದರೆ ಬೇರೆ ಮಾತು. ಲಕ್ಷದ ಮೇಲೆ ಪ್ರತಿ 2 ಪೌಂಡಿಗೆ 1 ಪೌಂಡ್ ಅಲೊವೆನ್ಸ್ ಹೋಗುತ್ತದೆ, 1,25,140ಕ್ಕೆ ಪೂರ್ತಿ ಮುಗಿಯುತ್ತದೆ. ಟ್ಯಾಕ್ಸ್ ಅಕೌಂಟ್‌ನಲ್ಲಿ ಅವರ ಅಂದಾಜು ಆದಾಯ ಕಾಣುತ್ತದೆ. ಅದು ತಪ್ಪಿದ್ದರೆ ನೀವೇ ತಿದ್ದಿ ಕಳಿಸಬಹುದು.

## ಫೋನ್ ಮಾಡಬೇಕಾದಾಗ

ಪೇರೋಲ್‌ನವರನ್ನು ಬೈಯಬೇಡಿ. ಎಚ್‌ಎಂಆರ್‌ಸಿ ಹೇಳದೆ ಅವರು ತಾವಾಗಿ ಕೋಡ್ ಬದಲಿಸುವಂತಿಲ್ಲ. ಪಿ45, ಚೆಕ್‌ಲಿಸ್ಟ್ ವಿಷಯ ಬಿಟ್ಟರೆ ಅವರ ಕೈಯಲ್ಲಿ ಇರುವುದು ಬಂದ ಕೋಡನ್ನು ಹಾಕುವುದು ಮಾತ್ರ.

ಇಲಾಖೆಯ ಇನ್ಕಮ್ ಟ್ಯಾಕ್ಸ್ ಹೆಲ್ಪ್‌ಲೈನ್ 0300 200 3300. ಮಾಡುವ ಮುಂಚೆ ನ್ಯಾಷನಲ್ ಇನ್ಶೂರೆನ್ಸ್ ನಂಬರ್, ಇತ್ತೀಚಿನ ಪೇಸ್ಲಿಪ್, ಅದರಲ್ಲಿರುವ ಕಂಪನಿಯ ಪಿಎವೈಇ ರೆಫರೆನ್ಸ್ (ಇಲಾಖೆಯಲ್ಲಿ ಆ ಕಂಪನಿಯ ಗುರುತಿನ ಸಂಖ್ಯೆ), ಪಿ45 ಅಥವಾ ಪಿ60 (ವರ್ಷದ ಸಂಬಳ, ತೆರಿಗೆಯ ಲೆಕ್ಕ ಇರುವ ಕಾಗದ) ಇದ್ದರೆ ಅದು, ಇಷ್ಟು ಮುಂದೆ ಇಟ್ಟುಕೊಳ್ಳಿ. "ತೆರಿಗೆ ಜಾಸ್ತಿ ಹೋಗುತ್ತಿದೆ" ಎಂದರೆ ಮಾತು ಎಲ್ಲೆಲ್ಲಿಗೋ ಹೋಗುತ್ತದೆ. "ನನ್ನ ಕೋಡ್ ಬಿಆರ್ ಇದೆ, ನನಗೆ ಇರುವುದು ಇದೊಂದೇ ಕೆಲಸ, ಏಪ್ರಿಲ್‌ನಿಂದ ಇಲ್ಲಿ ಬೇರೆ ಕೆಲಸ ಮಾಡಿಲ್ಲ" ಎನ್ನಿ. ಯಾವ ಅಂದಾಜು ತಪ್ಪು, ಸರಿಯಾದದ್ದು ಏನು, ಎರಡೇ ಮಾತು. ದಿನಾಂಕ ಮತ್ತು ಅವರು ಏನು ಹೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳಿ.

## ಇಲ್ಲಿ ಹುಷಾರು

ರೀಫಂಡ್ ಬಂದಿದೆ, ಈ ಲಿಂಕ್ ಒತ್ತಿ ಎಂದು ಮೆಸೇಜ್ ಬಂದರೆ ಒತ್ತಬೇಡಿ. ಅಂಥ ಮೆಸೇಜನ್ನು 60599ಗೆ ಫಾರ್ವರ್ಡ್ ಮಾಡಿ ಅಳಿಸಿಬಿಡಿ. ರೀಫಂಡ್ ಇದೆಯೇ ಎಂದು ತಿಳಿಯಲು ನೀವಾಗಿ ಆಪ್ ತೆರೆದು ನೋಡಿ.

ರೀಫಂಡ್ ಕೊಡಿಸುತ್ತೇವೆ ಎಂದು ಕಮಿಷನ್ ಕೇಳುವ ಏಜೆಂಟರ ಹತ್ತಿರ ಹೋಗಬೇಡಿ. ಅವರು ಮಾಡುವ ಕೆಲಸವನ್ನು ನೀವೇ ಬಿಟ್ಟಿಯಾಗಿ ಮಾಡಬಹುದು. ಲಾಗಿನ್ ಪಾಸ್‌ವರ್ಡ್ ಯಾರಿಗೂ ಕೊಡಬೇಡಿ, ರೂಮ್‌ಮೇಟ್‌ಗೂ ಬೇಡ. ಮತ್ತೊಂದು, ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಪೇಸ್ಲಿಪ್ ಫೋಟೋ ಹಾಗೇ ಹಾಕುತ್ತಾರೆ. ಅದರಲ್ಲಿ ಎನ್‌ಐ ನಂಬರ್, ಸಂಬಳ, ಹೆಸರು ಎಲ್ಲ ಇರುತ್ತದೆ. ಕೋಡ್ ಇರುವ ಸಾಲನ್ನಷ್ಟೇ ಟೈಪ್ ಮಾಡಿ ಕೇಳಿ.

## ಇಲ್ಲಿಗೆ ನಿಲ್ಲಿಸಿ, ತಿಳಿದವರನ್ನು ಕೇಳಿ

ಊರಿನ ಮನೆ ಬಾಡಿಗೆ, ಎಫ್‌ಡಿ ಬಡ್ಡಿ, ಷೇರು ಇರುವವರು ಟ್ಯಾಕ್ಸ್ ಕೋಡ್ ತಿದ್ದಿ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಹೊರದೇಶದ ಆದಾಯದ ನಿಯಮ 2025ರ ಏಪ್ರಿಲ್ 6ರಿಂದ ಬದಲಾಗಿದೆ. ಹೊಸದಾಗಿ ಬಂದವರಿಗೆ ಮೊದಲ ನಾಲ್ಕು ವರ್ಷ ಬೇರೆ ಸೌಲಭ್ಯ ಇದೆ, ಆದರೆ ಅದನ್ನು ಕೇಳಿ ಪಡೆಯಬೇಕು. ಎರಡೂ ದೇಶದ ತೆರಿಗೆ ಗೊತ್ತಿರುವ ಅಕೌಂಟೆಂಟ್ ಬೇಕು. ವರ್ಷದ ಕೊನೆಗೆ, ಫೆಬ್ರವರಿ ಮಾರ್ಚ್‌ನಲ್ಲಿ ಬಂದವರ ನಿವಾಸಿ ಲೆಕ್ಕವೂ ಸುಲಭದ್ದಲ್ಲ, ಊಹೆ ಮಾಡಬೇಡಿ.

ಎಲ್ಲಕ್ಕಿಂತ ಗಂಭೀರವಾದದ್ದು ಇದು: ಪೇಸ್ಲಿಪ್‌ನಲ್ಲಿ ತೆರಿಗೆ ಕಡಿತವಾಗಿದೆ, ಆದರೆ ಟ್ಯಾಕ್ಸ್ ಅಕೌಂಟ್‌ನಲ್ಲಿ ಆ ಸಂಬಳವೇ ಕಾಣುತ್ತಿಲ್ಲ. ಒಂದೆರಡು ವಾರ ತಡವಾಗಬಹುದು. ತಿಂಗಳುಗಟ್ಟಲೆ ಕಾಣದಿದ್ದರೆ ಕೆಲಸ ಕೊಟ್ಟವರು ಲೆಕ್ಕ ಸಲ್ಲಿಸುತ್ತಿಲ್ಲ ಎಂಬ ಅನುಮಾನ ಬರಬೇಕು. ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ತೆಗೆದಿಟ್ಟು ಎಚ್‌ಎಂಆರ್‌ಸಿಗೆ ತಿಳಿಸಿ. ಸ್ಪಾನ್ಸರ್ ವೀಸಾದಲ್ಲಿ ಇರುವವರು ವಲಸೆ ವಕೀಲರನ್ನೂ ಕೇಳಿ, ಯಾಕೆಂದರೆ ವೀಸಾ ಮುಂದುವರಿಸುವಾಗ ಸಂಬಳದ ದಾಖಲೆ ಬೇಕಾಗುತ್ತದೆ. ಸಂಬಳ ಕಡಿಮೆ ಇದ್ದು ಅಕೌಂಟೆಂಟ್‌ಗೆ ಕೊಡಲು ಆಗದವರಿಗೆ ಟ್ಯಾಕ್ಸ್‌ಏಡ್ ಎಂಬ ದತ್ತಿ ಸಂಸ್ಥೆ ಇದೆ, ಸಿಟಿಜನ್ಸ್ ಅಡ್ವೈಸ್ ಇದೆ. ಎರಡೂ ಉಚಿತ.

## ಲಕ್ಷಣ: ಕೋಡ್ ಸರಿಯಾಯಿತು, ದುಡ್ಡು ಬರಲಿಲ್ಲ

ಮೊದಲು ಪೇಸ್ಲಿಪ್‌ನಲ್ಲಿ ಹೊಸ ಕೋಡ್ ಬಂದಿದೆಯೇ ನೋಡಿ. ಪೇರೋಲ್ ಲೆಕ್ಕ ತಿಂಗಳ ಮಧ್ಯದಲ್ಲೇ ಮುಚ್ಚುವ ಕಡೆ ಹೊಸ ಕೋಡ್ ಒಂದು ತಿಂಗಳು ತಡವಾಗಿ ಹತ್ತುತ್ತದೆ. ಕೋಡ್ ಬಂದಿದೆ, ಆದರೆ ಕೊನೆಯಲ್ಲಿ ಎಂ1 ಇನ್ನೂ ಇದೆ ಎಂದರೆ ಹಿಂದಿನದು ವಾಪಸ್ ಬರುವುದಿಲ್ಲ, ಎಂ1 ತೆಗೆಸಬೇಕು.

ಏಪ್ರಿಲ್ ದಾಟಿದರೆ ಎಂ1 ತಾನಾಗಿ ಉದುರುತ್ತದೆ. ಮುಂದಿನ ತೆರಿಗೆ ಸರಿಯಾಗುತ್ತದೆ, ಹಿಂದಿನ ವರ್ಷದ ದುಡ್ಡು ಸಂಬಳದಲ್ಲಿ ಬರುವುದಿಲ್ಲ. ಕಂಪನಿ ಮೇ 31ರೊಳಗೆ ಪಿ60 ಕೊಡುತ್ತದೆ, ಅದನ್ನು ಇಟ್ಟುಕೊಳ್ಳಿ. ಆಮೇಲೆ ಪಿ800 ಬರಬಹುದು, ಬರದಿದ್ದರೆ ನೀವೇ ಕೇಳಬಹುದು. ನಾಲ್ಕು ವರ್ಷ ಹಿಂದಿನವರೆಗೆ ಕೇಳುವ ಹಕ್ಕಿದೆ. ವರ್ಷದ ಮಧ್ಯೆ ಕೆಲಸ ಬಿಟ್ಟು ಬೆಂಗಳೂರಿಗೋ ಹುಬ್ಬಳ್ಳಿಗೋ ವಾಪಸ್ ಹೊರಟವರು ಪಿ85 ಎಂಬ ಫಾರಂ ಕಳಿಸಿ. ಪಿ45 ಎಸೆದು ಹೋಗಬೇಡಿ, ಅದು ಬೇಕು.

ಆ ಉಡುಪಿಯ ಹುಡುಗಿ ಸೋಮವಾರ ಬೆಳಗ್ಗೆ ಫೋನ್ ಮಾಡಿದಳು. ಚೆಕ್‌ಲಿಸ್ಟ್‌ನಲ್ಲಿ ಅವಳು ಸಿ ಗುರುತು ಹಾಕಿದ್ದಳು, ಅಷ್ಟೇ ಆಗಿದ್ದದ್ದು. ನವೆಂಬರ್ ಸಂಬಳದ ಲೆಕ್ಕ ಆಗಲೇ ಮುಗಿದಿತ್ತು. ಡಿಸೆಂಬರ್ ಪೇಸ್ಲಿಪ್ ಬಂದಾಗ ಸಾಲನ್ನು ಟೈಪ್ ಮಾಡಿ ಕಳಿಸಿದಳು: ಕೋಡ್ 1257ಎಲ್, ಈ ತಿಂಗಳ ತೆರಿಗೆ ಮೈನಸ್ 1,427 ಪೌಂಡ್. ಕೆಳಗೆ ಒಂದು ಪ್ರಶ್ನೆ: "ಅಣ್ಣಾ, ಮೈನಸ್ ಅಂದ್ರೆ ನಾನು ಕೊಡಬೇಕಾ?" ಇಲ್ಲಮ್ಮಾ, ಅದು ನಿನ್ನದೇ ದುಡ್ಡು, ವಾಪಸ್ ಬಂದಿದೆ ಎಂದು ಬರೆದೆ.